ನಾಳೆ ಬಾ ಅಂದರೆ ಕೊಲೆಗಾರ ಹೋಗ್ತಾನಾ?

ಹೋದ ಮಳೆಗಾಲದಲ್ಲಿ ನಮ್ಮಲ್ಲಿ ಮೂರು ದಿನ ಕರೆಂಟ್ ಇರಲಿಲ್ಲ. ನಾಲ್ಕನೇ ದಿನ ಸಂಜೆ ಬಂತು. ಊಟ ಮುಗಿಸಿ, ಮೊಬೈಲನ್ನು ಅವಲಕ್ಕಿ ಡಬ್ಬಕ್ಕೆ ಒರಗಿಸಿಟ್ಟು, ದೊಡ್ಡಮ್ಮ ಮತ್ತು ನಾನು ಅಮೆರಿಕದ ಕ್ರೈಂ ಸೀರಿಯಲ್ ಒಂದರ ಹಳೇ ಕಂತು ನೋಡಲು ಕೂತೆವು. ಸಾಗರಕ್ಕೆ ಹೋದಾಗ ಇಳಿಸಿಕೊಂಡು ಬಂದಿದ್ದು. ಇಲ್ಲಿ ನೆಟ್‌ವರ್ಕ್ ಬೇಕೆಂದರೆ ತೋಟ ದಾಟಿ ಗುಡ್ಡ ಹತ್ತಬೇಕು. ದೊಡ್ಡಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ, ಹಾಗಾಗಿ ನಾನು ಆಗಾಗ ನಿಲ್ಲಿಸಿ ಕತೆ ಹೇಳುತ್ತಿದ್ದೆ. ಅರ್ಧ ಗಂಟೆ ಸುಮ್ಮನೆ ಕೇಳಿಸಿಕೊಂಡವರು ಒಂದು ಕಡೆ ನನ್ನ ಕೈ ಹಿಡಿದು ನಿಲ್ಲಿಸಿದರು.

"ಅಲ್ಲ ಮಾರಾಯ, ಆ ಪೊಲೀಸಿನವನು ಹತ್ತು ವರ್ಷ ಎಂತಕ್ಕೆ ಯಾರಿಗೂ ಹೇಳ್ಲಿಲ್ಲ?"

ನಾನು ಆ ಕಂತನ್ನು ಅದಕ್ಕೂ ಮುಂಚೆ ಎರಡು ಸಲ ನೋಡಿದ್ದೆ. ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಕೊಲೆಗಾರ ಯಾರು, ಹೇಗೆ ಸಿಗುತ್ತಾನೆ, ಅಷ್ಟೇ ನನ್ನ ತಲೆಯಲ್ಲಿದ್ದದ್ದು.

ಮೊದಲು ಕತೆ ಹೇಳಿಬಿಡುತ್ತೇನೆ. ಸೀರಿಯಲ್ಲಿನ ಹೆಸರು ಕ್ರಿಮಿನಲ್ ಮೈಂಡ್ಸ್. ಕಂತು ಆಮ್ನಿವೋರ್, ನಾಲ್ಕನೇ ಸೀಸನ್ನಿನ 18ನೆಯದು, 2009ರ ಮಾರ್ಚ್‌ನಲ್ಲಿ ಪ್ರಸಾರವಾಗಿದ್ದು. ಬಾಸ್ಟನ್ ನಗರದಲ್ಲಿ ರೀಪರ್ ಅಂತ ಕರೆಸಿಕೊಳ್ಳುವ ಒಬ್ಬ ಸರಣಿ ಕೊಲೆಗಾರ ಇದ್ದ. ಹತ್ತು ವರ್ಷದ ಹಿಂದೆ ಕೊಲೆಗಳು ಇದ್ದಕ್ಕಿದ್ದಂತೆ ನಿಂತವು. ಊರಿನವರು ಅವನು ಸತ್ತನೋ, ಬೇರೆ ಯಾವುದೋ ಕೇಸಿನಲ್ಲಿ ಜೈಲು ಸೇರಿದನೋ ಅಂದುಕೊಂಡು ಮರೆತರು. ನಿಜ ಏನಂದರೆ, ತನಿಖೆ ಮಾಡುತ್ತಿದ್ದ ಅಧಿಕಾರಿಗೆ ಅವನೊಂದು ಕಾಗದ ಬರೆದಿದ್ದ. ನೀನು ನನ್ನನ್ನು ಹುಡುಕುವುದು ಬಿಡು, ನಾನು ಜನರನ್ನು ಕೊಲ್ಲುವುದು ಬಿಡುತ್ತೇನೆ. ಅಧಿಕಾರಿ ಒಪ್ಪಿಕೊಂಡ. ಆ ಕಾಗದವನ್ನು ಬಚ್ಚಿಟ್ಟುಕೊಂಡೇ ಬದುಕಿದ. ಅವನು ಕಾಯಿಲೆ ಬಿದ್ದು ಸತ್ತ ಮೇಲೆ ಒಪ್ಪಂದಕ್ಕೆ ಆ ಕಡೆಯವರು ಯಾರೂ ಉಳಿಯಲಿಲ್ಲ, ಕೊಲೆಗಾರ ವಾಪಸ್ ಬಂದ. ಎಫ್‌ಬಿಐ ತಂಡದ ಮುಖ್ಯಸ್ಥ ಹಾಚ್ನರ್‌ಗೆ ಫೋನ್ ಮಾಡಿ ಅದೇ ಮಾತು ಮುಂದಿಟ್ಟ. ಹಾಚ್ನರ್ ಆಗೋದಿಲ್ಲ ಅಂದ. ಅದಕ್ಕೆ ಒಂದು ಬಸ್ಸಿನಲ್ಲಿದ್ದ ಜನರೆಲ್ಲ ಸತ್ತರು.

ತೊಂಬತ್ತರ ದಶಕದಲ್ಲಿ ಕರ್ನಾಟಕದಲ್ಲಿ ಬೆಳೆದವರಿಗೆ ಈ ಕಾಗದದ ವಿಚಾರ ಹೊಸದಲ್ಲ. ನಾಳೆ ಬಾ ನೆನಪಿದೆ ಅಲ್ವಾ? ರಾತ್ರಿ ಒಂದು ದೆವ್ವ ಬಾಗಿಲು ತಟ್ಟುತ್ತದೆ, ಅಮ್ಮನ ದನಿಯಲ್ಲೋ ಅಕ್ಕನ ದನಿಯಲ್ಲೋ ಕರೆಯುತ್ತದೆ, ತೆಗೆದರೆ ಕತೆ ಮುಗಿಯಿತು ಅಂತ ಊರೂರಲ್ಲಿ ಸುದ್ದಿ. ಉಪಾಯ ಒಂದೇ, ಬಾಗಿಲ ಮೇಲೆ ನಾಳೆ ಬಾ ಅಂತ ಬರೆಯುವುದು. ದೆವ್ವ ಓದಿಕೊಂಡು ಹೋಗುತ್ತದೆ. ಮಾರನೇ ರಾತ್ರಿ ಬರುತ್ತದೆ, ಮತ್ತೆ ಓದುತ್ತದೆ, ಮತ್ತೆ ಹೋಗುತ್ತದೆ. ಓದು ಬರಹ ಬಲ್ಲ, ಆದರೆ ಪೂರಾ ಮರೆಗುಳಿ ದೆವ್ವ. ನಮ್ಮ ಹಳೇ ಮನೆಯ ಬಾಗಿಲಲ್ಲಿ ದೊಡ್ಡಪ್ಪ ಇದ್ದಿಲಿನಲ್ಲಿ ಬರೆದಿದ್ದರು, ಎಷ್ಟು ದೊಡ್ಡದಾಗಿ ಅಂದರೆ ಬಾ ಅಕ್ಷರದ ಕೊನೆ ದಾರಂದಕ್ಕೆ ತಾಗುತ್ತಿತ್ತು. ಹಗಲು ಹೊತ್ತು ಅದನ್ನು ನೋಡಿ ನಗುತ್ತಿದ್ದೆವು. ಕತ್ತಲಾದ ಮೇಲೆ ಮಳೆ ಎರಚಲಿಗೆ ಅಳಿಸಿಹೋಗಿದೆಯೋ ಏನೋ ಅಂತ ಒಬ್ಬರನ್ನೊಬ್ಬರು ತಳ್ಳಿ ಕಳಿಸಿ ನೋಡಿಸುತ್ತಿದ್ದೆವು.

ಬಾಸ್ಟನ್ನಿನ ಆ ಅಧಿಕಾರಿ ಮಾಡಿದ್ದೂ ಇದನ್ನೇ. ನಾಳೆ ಬಾ ಅಂದ. ಹತ್ತು ವರ್ಷ ನಡೆಯಿತು. ಆದರೆ ನಮ್ಮೂರಲ್ಲಿ ಅದು ಬಾಗಿಲ ಹೊರಗಡೆ ಇತ್ತು, ದಾರಿಯಲ್ಲಿ ಹೋಗುವವರಿಗೆಲ್ಲ ಕಾಣುವ ಹಾಗೆ. ಅವನು ಒಳಗಡೆ ಬರೆದುಕೊಂಡಿದ್ದ.

ಈ ಕಂತಿನಲ್ಲಿ ದೇವರು ನೇರವಾಗಿ ಬರುವುದಿಲ್ಲ, ಆದರೆ ಅವನ ಸಾಮಾನೆಲ್ಲ ಅಲ್ಲೇ ಬಿದ್ದಿದೆ. ಕೊಲೆಗಾರ ರಕ್ತದಲ್ಲಿ ಒಂದು ಕಣ್ಣು ಬರೆದು ಹೋಗುತ್ತಾನೆ. ಅಮೆರಿಕದ ಒಂದು ಡಾಲರ್ ನೋಟಿನಲ್ಲಿ ಪಿರಮಿಡ್ಡಿನ ಮೇಲೆ ಇದೆಯಲ್ಲ, ಎಲ್ಲವನ್ನೂ ನೋಡುವ ದೇವರ ಕಣ್ಣು, ಅದು. ಜೊತೆಗೆ ಫೇಟ್ ಅಂತ ಬರೆಯುತ್ತಾನೆ. ನಮ್ಮ ಮಾತಿನಲ್ಲಿ ಹಣೆಬರಹ. ಅಂದರೆ ನಿಮ್ಮ ಹಣೆಬರಹ ಬರೆಯುವವನು ಮೇಲೆಲ್ಲೂ ಇಲ್ಲ, ಇಲ್ಲೇ ಇದ್ದೇನೆ, ನೋಡುತ್ತಿದ್ದೇನೆ ಎನ್ನುವುದು ಅವನ ಮಾತು. ಇಷ್ಟು ಹೇಳುವ ಮನುಷ್ಯ ಅಷ್ಟೂ ವರ್ಷ ಊರಿನ ಕಣ್ಣಿಗೆ ಹೇಗೆ ಕಾಣುತ್ತಿದ್ದ ಗೊತ್ತಾ? ರೀಪರ್ ಕೈಯಿಂದ ಹೇಗೋ ಪಾರಾಗಿ ಬಂದ ಬಡಪಾಯಿ ಅಂತ. ತನಗೆ ತಾನೇ ಚಾಕು ಹಾಕಿಕೊಂಡು ಬಲಿಯಾದವರ ಸಾಲಿನಲ್ಲಿ ಸೇರಿಕೊಂಡಿದ್ದ.

ಕನ್ನಡದಲ್ಲಿ ಭಯಭಕ್ತಿ ಅಂತ ಒಂದೇ ಪದ ಇದೆ. ಚಿಕ್ಕವರಿದ್ದಾಗ ಎಲ್ಲರೂ ಕೇಳಿಸಿಕೊಂಡವರೇ, ದೇವರ ಮುಂದೆ ಸ್ವಲ್ಪ ಭಯಭಕ್ತಿಯಿಂದ ಕೂತ್ಕೋ ಅಂತ. ಎರಡನ್ನೂ ಬೇರೆ ಮಾಡಿ ನೋಡುವುದು ನಮಗೆ ರೂಢಿಯಲ್ಲಿಲ್ಲ. ಮಲೆನಾಡಿನ ಚೌಡಿ, ಭೂತಪ್ಪ ಇವರೆಲ್ಲ ನಗುತ್ತಾ ಆಶೀರ್ವಾದ ಮಾಡುವ ಕ್ಯಾಲೆಂಡರ್ ದೇವರುಗಳಲ್ಲ. ತೋಟದ ಮೂಲೆಯಲ್ಲೋ ಬನದಲ್ಲೋ ಒಂದು ಕಲ್ಲು. ದೀಪಾವಳಿ ಹೊತ್ತಿಗೆ ನೋನಿ, ಅಂದರೆ ಅವಕ್ಕೆ ಸಲ್ಲಬೇಕಾದ ಪೂಜೆ ಕೊಡಬೇಕು, ಕಾಯಿಯೋ ಕೋಳಿಯೋ ಆಯಾ ಮನೆಯ ಪದ್ಧತಿ. ಮರೆತರೆ ಕಾಟ ಅಂತ ಹೆದರಿಕೆ. ಮೇಲಿಂದ ನೋಡಿದರೆ ಇದೂ ರೀಪರ್ ಒಪ್ಪಂದದ ಹಾಗೆಯೇ ಕಾಣುತ್ತದೆ, ನಿನಗೆ ಸಲ್ಲಬೇಕಾದ್ದು ತಗೋ, ನಮ್ಮನ್ನು ನಮ್ಮ ಪಾಡಿಗೆ ಬಿಡು. ಆದರೆ ಚೌಡಿಯ ಜೊತೆ ಜಗಳ ಆಡಬಹುದು. ವರ್ಷಾವರ್ಷ ತಪ್ಪದೆ ಕೊಟ್ಟಿಲ್ವಾ, ಮತ್ಯಾಕೆ ದನ ಸಾಯ್ತು ಅಂತ ದೊಡ್ಡಮ್ಮ ಕಲ್ಲಿನ ಎದುರು ನಿಂತು ಬೈದಿದ್ದನ್ನು ನಾನೇ ಕೇಳಿದ್ದೇನೆ. ಲೆಕ್ಕ ಎರಡೂ ಕಡೆ ಇದೆ, ಮತ್ತು ಆ ಲೆಕ್ಕ ಊರಿಗೆಲ್ಲ ಗೊತ್ತು. ರೀಪರ್‌ಗೆ ಬೇಕಾಗಿದ್ದದ್ದು ಭಯಭಕ್ತಿಯ ಅರ್ಧ ಭಾಗ ಮಾತ್ರ.

ಭಯ ಊರಿಗೆಲ್ಲ ಗೊತ್ತಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ಕಡೆಯ ಬೋರ್ಡುಗಳನ್ನು ನೋಡಬೇಕು. ಸಾಗರ, ಹೊಸನಗರ ಕಡೆ ಬಂದವರು ಗಮನಿಸಿರುತ್ತೀರಿ, ಅಡಿಕೆ ತೋಟದ ಬೇಲಿಗೆ, ಕಟ್ಟುತ್ತಿರುವ ಮನೆಗೆ, ಮೋಟಾರ್ ಶೆಡ್ಡಿಗೆ ಸಣ್ಣ ಬೋರ್ಡು ನೇತಾಕಿರುತ್ತಾರೆ. ಸಿಗಂದೂರು ಚೌಡೇಶ್ವರಿಯ ಕಾವಲಿದೆ, ಎಚ್ಚರಿಕೆ ಅನ್ನುವ ಅರ್ಥದ್ದು. ಶರಾವತಿ ಹಿನ್ನೀರಿನ ಆಚೆಗಿರುವ ಈ ದೇವಿ ಕಳ್ಳರನ್ನು ಹಿಡಿಯುವುದಕ್ಕೇ ಹೆಸರುವಾಸಿ. ಮೊದಲೆಲ್ಲ ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾದು ಹೋಗಬೇಕಿತ್ತು. 2025ರ ಜುಲೈನಲ್ಲಿ ಅಂಬಾರಗೋಡ್ಲು ಕಳಸವಳ್ಳಿ ನಡುವೆ 2.44 ಕಿಲೋಮೀಟರ್ ಉದ್ದದ ಸೇತುವೆ ಆದ ಮೇಲೆ ಕಾರು ಸೀದಾ ಹೋಗುತ್ತದೆ. ರಾಶಿ ಅಡಿಕೆ ಕ್ವಿಂಟಲ್‌ಗೆ 40 ಸಾವಿರದ ಮೇಲೆ ನಿಂತ ಮೇಲೆ ಕಳ್ಳರ ಕಾಟವೂ ಜಾಸ್ತಿ, ಹೀಗಾಗಿ ಬೋರ್ಡುಗಳೂ ಜಾಸ್ತಿ. ಸಿಸಿ ಕ್ಯಾಮೆರಾ ಹಾಕಿದವರೂ ಪಕ್ಕದಲ್ಲೇ ಬೋರ್ಡು ಹಾಕುತ್ತಾರೆ. ಅದೂ ಒಂದು ಕಣ್ಣು, ಇದೂ ಒಂದು ಕಣ್ಣು.

ಮೂರು ವರ್ಷದ ಹಿಂದೆ ನಮ್ಮ ಅಂಗಳದಿಂದಲೇ ಎರಡು ಚೀಲ ಒಣಗಿದ ಅಡಿಕೆ ಹೋಯಿತು. ಠಾಣೆಯಲ್ಲಿ ಅರ್ಜಿ ತಗೊಂಡರು, ನೋಡೋಣ ಅಂದರು, ಇವತ್ತಿಗೂ ನೋಡುತ್ತಲೇ ಇದ್ದಾರೆ. ದೊಡ್ಡಮ್ಮ ಅರಿಶಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿಟ್ಟು, ಬೋರ್ಡು ತರಿಸಿ ಗೇಟಿಗೆ ಹಾಕಿಸಿದರು. ಇಲ್ಲಿ ನೀವು ಕಾಯುತ್ತಿರುವ ಪವಾಡ ನಡೆಯಲಿಲ್ಲ. ಚೀಲ ವಾಪಸ್ ಬರಲಿಲ್ಲ, ಯಾರೂ ಕಾಲಿಗೆ ಬಿದ್ದು ತಪ್ಪೊಪ್ಪಿಕೊಳ್ಳಲಿಲ್ಲ. ಆದರೆ ನಮ್ಮ ಮನೆಯಲ್ಲಿ ಮತ್ತೆ ಕಳ್ಳತನ ಆಗಲಿಲ್ಲ. ಹದಿನೈದು ದಿನಕ್ಕೆ ಕೆಳಗಿನ ಮನೆಯಲ್ಲಿ ಆಯಿತು. ಅವರ ಗೇಟಿಗೆ ಬೋರ್ಡು ಇರಲಿಲ್ಲ.

ದೊಡ್ಡಮ್ಮನಿಗೆ ಇದು ಖುಷಿ ಕೊಡಲಿಲ್ಲ. ಎರಡು ದಿನ ಸಪ್ಪಗಿದ್ದರು. ಮೂರನೇ ದಿನ ಕೆಳಗಿನ ಮನೆಗೆ ಹೋಗಿ, ನೀವೂ ಒಂದು ತರಿಸಿ, ನಾವೂ ರಾತ್ರಿ ಒಂದು ಸಲ ಈ ಕಡೆ ಬ್ಯಾಟರಿ ಬಿಟ್ಟು ನೋಡ್ತೀವಿ ಅಂತ ಹೇಳಿ ಬಂದರು. ಆ ವರ್ಷ ಸುಗ್ಗಿ ಮುಗಿಯುವವರೆಗೂ ನಾಲ್ಕು ಮನೆಯವರು ಸರದಿಯಲ್ಲಿ ಅಡಿಕೆ ಒಣಗಿಸುವ ಅಟ್ಟ ಕಾದರು. ಕೆಲಸ ಮಾಡಿದ್ದು ಬೋರ್ಡೋ ಬ್ಯಾಟರಿಯೋ ನನಗೆ ಗೊತ್ತಿಲ್ಲ. ಬೋರ್ಡು ಇರದಿದ್ದರೆ ಬ್ಯಾಟರಿ ವಿಚಾರ ಬರುತ್ತಲೇ ಇರಲಿಲ್ಲ ಅಂತ ಮಾತ್ರ ಅನ್ನಿಸುತ್ತದೆ. ಹಾಗಾಗಿ ಆ ಅಧಿಕಾರಿ ಯಾರಿಗೂ ಯಾಕೆ ಹೇಳಲಿಲ್ಲ ಅಂತ ಅವರು ಕೇಳಿದ್ದು ಸುಮ್ನೆ ಕೇಳಿದ್ದಲ್ಲ.

ಸೀರಿಯಲ್ಲಿನವರು ರೀಪರ್‌ನನ್ನು ಗಾಳಿಯಿಂದ ಹುಟ್ಟಿಸಿಲ್ಲ. ಕಾಗದ ಬರೆಯುವ, ಮಧ್ಯೆ ಮಾಯವಾಗುವ ಕೊಲೆಗಾರ ಅಂದರೆ ಅಮೆರಿಕದವರಿಗೆ ಇಬ್ಬರು ನೆನಪಾಗುತ್ತಾರೆ. ಒಬ್ಬ 1968, 69ರ ಜೋಡಿಯಾಕ್, ಇವತ್ತಿಗೂ ಸಿಕ್ಕಿಲ್ಲ. ಇನ್ನೊಬ್ಬ ಕ್ಯಾನ್ಸಸ್ ರಾಜ್ಯದ ವಿಚಿಟಾ ನಗರದ ಡೆನ್ನಿಸ್ ರೇಡರ್, ತನಗೆ ತಾನೇ ಬಿಟಿಕೆ (ಕಟ್ಟು, ಹಿಂಸಿಸು, ಕೊಲ್ಲು ಎನ್ನುವ ಇಂಗ್ಲಿಷ್ ಪದಗಳ ಮೊದಲಕ್ಷರ) ಅಂತ ಹೆಸರಿಟ್ಟುಕೊಂಡವನು. 1974ರಿಂದ 1991ರೊಳಗೆ ಹತ್ತು ಜನರನ್ನು ಕೊಂದ. ಆಮೇಲೆ ನಿಲ್ಲಿಸಿದ. ಹೆಂಡತಿ, ಇಬ್ಬರು ಮಕ್ಕಳು, ಪುರಸಭೆ ನೌಕರಿ, ಮಕ್ಕಳ ಸ್ಕೌಟ್ ತಂಡ, ಎಲ್ಲ ಇತ್ತು. ತಾನು ಹೋಗುವ ಚರ್ಚಿನ ಆಡಳಿತ ಮಂಡಳಿಗೆ ಅಧ್ಯಕ್ಷನೂ ಆದ. 2004ರಲ್ಲಿ ಮೊದಲ ಕೊಲೆಗಳಿಗೆ 30 ವರ್ಷ ಆಯಿತು ಅಂತ ಊರಿನ ಪತ್ರಿಕೆ ಬರೆಯಿತು, ಅವನ ಬಗ್ಗೆ ಒಂದು ಪುಸ್ತಕ ಬರುತ್ತಿದೆ ಅಂತಲೂ ಸುದ್ದಿಯಾಯಿತು. ತನ್ನ ಕತೆಯನ್ನು ಬೇರೆ ಯಾರೋ ಹೇಳುವುದು ಅವನಿಗೆ ಸಹಿಸಲಿಲ್ಲ. ಮಾರ್ಚ್‌ನಲ್ಲಿ ಮತ್ತೆ ಕಾಗದ ಬರೆಯಲು ಶುರು ಮಾಡಿದ.

ನಮ್ಮಲ್ಲಿ ರಾತ್ರಿ ಹೊತ್ತು ಹಾವು ಅನ್ನಬಾರದು, ಹುಳ ಅನ್ನಬೇಕು ಅಂತಾರೆ. ಹೆಸರು ಹೇಳಿದರೆ ಬರುತ್ತದಂತೆ. ರೇಡರ್ ವಿಷಯದಲ್ಲಿ ಅಕ್ಷರಶಃ ಹಾಗೇ ಆಯಿತು.

ಅವನು ಸಿಕ್ಕಿಬಿದ್ದದ್ದು ಇನ್ನೂ ವಿಚಿತ್ರ. ಫ್ಲಾಪಿಯಲ್ಲಿ ಬರೆದು ಕಳಿಸಿದರೆ ಪತ್ತೆ ಹಚ್ಚೋಕೆ ಆಗುತ್ತಾ, ನಿಜ ಹೇಳಿ ಅಂತ ಪೊಲೀಸರನ್ನೇ ಕೇಳಿದ. ಅವರು ಪತ್ರಿಕೆಯಲ್ಲಿ ಸಣ್ಣ ಜಾಹೀರಾತು ಹಾಕಿ, ಏನೂ ತೊಂದರೆ ಇಲ್ಲ ಅಂದರು. ಅವನು ನಂಬಿದ. 2005ರ ಫೆಬ್ರವರಿಯಲ್ಲಿ ಒಂದು ಟೀವಿ ಸ್ಟೇಷನ್ನಿಗೆ ಫ್ಲಾಪಿ ಕಳಿಸಿದ. ಅದರಲ್ಲಿ ಅಳಿಸಿದ್ದ ಒಂದು ಫೈಲಿನ ಗುರುತು ತೆಗೆದು ನೋಡಿದರೆ ಎರಡೇ ವಿಷಯ, ಅವನು ಹೋಗುತ್ತಿದ್ದ ಚರ್ಚಿನ ಹೆಸರು ಮತ್ತು ಡೆನ್ನಿಸ್. ಅದೇ ತಿಂಗಳು 25ಕ್ಕೆ ಬಂಧನ. ಆಮೇಲೆ ಹತ್ತು ಜೀವಾವಧಿ ಶಿಕ್ಷೆ, ಒಂದಾದ ಮೇಲೊಂದು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕ್ರಿಮಿನಲ್ ಮೈಂಡ್ಸ್ ಶುರುವಾಯಿತು.

ಟೀವಿ ಬರಹಗಾರರು ರೇಡರ್‌ನಿಂದ ಎತ್ತಿಕೊಂಡದ್ದು ಚರ್ಚಿನ ವೇಷವನ್ನು. ದೇವರ ಕೆಲಸ ಮಾಡುವವನೇ ಕೊಲೆಗಾರ, ಅಯ್ಯೋ! ಅದಾದ ಮೇಲೆ ಎಷ್ಟು ಸೀರಿಯಲ್‌ಗಳಲ್ಲಿ ಪಾದ್ರಿ, ಸ್ವಾಮಿ, ಭಜನೆ ಮಂಡಳಿಯವರು ಕೊನೆಯ ಹತ್ತು ನಿಮಿಷದಲ್ಲಿ ಚಾಕು ತೆಗೆದಿಲ್ಲ. ನನಗೆ ಇದು ಸೋಮಾರಿತನ ಅನ್ನಿಸುತ್ತದೆ. ಫ್ಲಾಪಿ ಪ್ರಸಂಗವನ್ನು ಯಾರಾದರೂ ಕತೆಯಾಗಿ ಬರೆದಿದ್ದರೆ ನಿರ್ಮಾಪಕರು ಇದೆಲ್ಲ ಎಲ್ಲಾದರೂ ಉಂಟಾ ಅಂತ ಹರಿದು ಬಿಸಾಕುತ್ತಿದ್ದರು. ಹತ್ತು ಜನರ ಮನೆ ನುಗ್ಗಿ ಕೊಂದವನು, ಯಾರ ಮಾತನ್ನೂ ನಂಬಬಾರದು ಅಂತ ಗೊತ್ತಿರಬೇಕಾದವನು, ಪೊಲೀಸರ ಮಾತು ನಂಬಿದ. ಕನ್ನಡದಲ್ಲಿ ದೇವರ ಮೇಲಿದ್ದರೂ ನಂಬಿಕೆಯೇ, ಪಕ್ಕದ ಮನೆಯವರ ಮೇಲಿದ್ದರೂ ನಂಬಿಕೆಯೇ. ಕ್ರೈಂ ಸೀರಿಯಲ್ಲಿನವರು ಮೊದಲನೆಯದನ್ನು ಮಾತ್ರ ನೋಡುತ್ತಾರೆ. ಕೊಲೆಗಾರರು ಬದುಕುವುದು ಎರಡನೆಯದರ ಮೇಲೆ.

ನಮ್ಮ ರಾಜ್ಯದ್ದೇ ಉದಾಹರಣೆ ತಗೊಳ್ಳಿ. ಸಯನೈಡ್ ಮಲ್ಲಿಕಾ ಅಂತ ಹೆಸರಾದ ಕೆಂಪಮ್ಮ ಬೆಂಗಳೂರಿನ ಸುತ್ತಮುತ್ತ ದೇವಸ್ಥಾನಗಳಲ್ಲಿ ಕಷ್ಟದಲ್ಲಿರುವ ಹೆಂಗಸರನ್ನು ಗುರುತಿಸುತ್ತಿದ್ದಳು. ಮಕ್ಕಳಿಲ್ಲ, ಗಂಡನ ಕಾಟ, ಕಾಯಿಲೆ, ಹೀಗೆ. ಒಂದು ಪೂಜೆ ಮಾಡಿಸೋಣ, ಇರುವ ಒಡವೆಯೆಲ್ಲ ಹಾಕಿಕೊಂಡು ಬನ್ನಿ ಅಂತ ಬೇರೆ ಊರಿಗೆ ಕರೆಸಿ, ತೀರ್ಥ ಅಂತ ಸಯನೈಡ್ ಕೊಡುತ್ತಿದ್ದಳು. ಕೈ ಒಡ್ಡಿ ತೀರ್ಥ ತಗೊಳ್ಳುವಾಗ ಇದರಲ್ಲಿ ಏನಿದೆ ಅಂತ ಯಾರಾದರೂ ಕೇಳುತ್ತಾರಾ? ಮೊದಲ ಕೊಲೆ 1999ರಲ್ಲಿ. ಆಮೇಲೆ ವರ್ಷಗಟ್ಟಲೆ ಸುದ್ದಿಯಿಲ್ಲ. 2007ರಲ್ಲಿ ಕೆಲವೇ ತಿಂಗಳಲ್ಲಿ ಒಂದರ ಮೇಲೊಂದು. ವರ್ಷದ ಕೊನೆಗೆ ಬಂಧನ.

ಕರಾವಳಿಯ ಸಯನೈಡ್ ಮೋಹನನದ್ದು ಇನ್ನೊಂದು ಬಗೆ. ಪ್ರಾಥಮಿಕ ಶಾಲೆ ಮೇಷ್ಟರಾಗಿದ್ದವನು. ವರದಕ್ಷಿಣೆ ಕೊಡಲಾಗದ ಮನೆಯ ಹೆಣ್ಣುಮಕ್ಕಳಿಗೆ ಮದುವೆ ಆಗುತ್ತೇನೆ ಅಂತ ಹೇಳಿ ಬೇರೆ ಊರಿಗೆ ಕರೆದುಕೊಂಡು ಹೋಗುತ್ತಿದ್ದ. ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಗರ್ಭ ನಿಲ್ಲದಿರಲಿ ಅಂತ ಮಾತ್ರೆ ಕೊಟ್ಟು, ಟಾಯ್ಲೆಟ್ಟಿಗೆ ಹೋಗಿ ತಗೋ ಅನ್ನುತ್ತಿದ್ದ. ಅವನ ಮೇಲೆ ಬಿದ್ದ ಕೊಲೆ ಕೇಸು 20. ಒಂದೇ ಥರದ ಸಾವು, ಬೇರೆ ಬೇರೆ ಊರಿನ ಬಸ್ ಸ್ಟ್ಯಾಂಡ್. ಪ್ರತಿ ಊರಿನ ಠಾಣೆಯಲ್ಲಿ ಒಂದೊಂದು ಯುಡಿಆರ್, ಅಂದರೆ ಅಸಹಜ ಸಾವಿನ ವರದಿ. ಗುರುತು ಸಿಗದ ಹೆಂಗಸು, ವಿಷ ಕುಡಿದಿದ್ದಾಳೆ, ಆತ್ಮಹತ್ಯೆ ಇರಬಹುದು. ಫೈಲು ಮುಚ್ಚಿತು. 2009ರಲ್ಲಿ ಬಂಟ್ವಾಳ ತಾಲೂಕಿನ ಹುಡುಗಿಯೊಬ್ಬಳು ಕಾಣೆಯಾಗಿ, ಊರಿನವರು ಗಲಾಟೆ ಮಾಡಿ, ಪೊಲೀಸರು ಮೊಬೈಲ್ ಕರೆಗಳ ಜಾಡು ಹಿಡಿದು ಹೋದ ಮೇಲೆಯೇ ಈ ಫೈಲುಗಳೆಲ್ಲ ಒಂದೇ ಮನುಷ್ಯನವು ಅಂತ ಗೊತ್ತಾಗಿದ್ದು.

ಇಲ್ಲಿ ಬಾಸ್ಟನ್ ಕತೆಗೂ ನಮ್ಮ ಕತೆಗೂ ದೊಡ್ಡ ವ್ಯತ್ಯಾಸ ಇದೆ. ಅಲ್ಲಿಯ ಕೊಲೆಗಾರ ಹೋಗಿ ವಾಪಸ್ ಬರುತ್ತಾನೆ. ಕಣ್ಣಿನ ಚಿತ್ರ ಬರೆದು, ನಾನೇ ಬಂದೆ ಅಂತ ಸಾರುತ್ತಾನೆ. ನಮ್ಮಲ್ಲಿ ಅವನು ಹೋಗಿಯೇ ಇರುವುದಿಲ್ಲ. ಇದ್ದಾನೆ ಅಂತ ಗೊತ್ತಿದ್ದರಲ್ಲವೇ ಹೋದ, ಬಂದ ಅನ್ನುವುದು? ಠಾಣೆ ಠಾಣೆಗಳ ನಡುವೆ ಮಾಹಿತಿ ಹರಿಯಲಿ ಅಂತ ಕೇಂದ್ರ ಸರ್ಕಾರ ಸಿಸಿಟಿಎನ್‌ಎಸ್ ಜಾಲಕ್ಕೆ ಒಪ್ಪಿಗೆ ಕೊಟ್ಟಿದ್ದು ಅದೇ 2009ರಲ್ಲಿ. ಆದರೆ ಕಂಪ್ಯೂಟರಿಗೆ ಆತ್ಮಹತ್ಯೆ ಅಂತ ತುಂಬಿಸಿದರೆ ಅದು ಕೊಲೆ ಅಂತ ತೋರಿಸುವುದಿಲ್ಲ. ಇಂಥ ಅಸಹಜ ಸಾವುಗಳನ್ನು ಪೊಲೀಸರು ಹೇಗೆ ವಿಚಾರಿಸಬೇಕು ಅಂತ ಹೇಳುವ ಹಳೇ ಸಿಆರ್‌ಪಿಸಿಯ (ಅಪರಾಧ ಪ್ರಕ್ರಿಯಾ ಸಂಹಿತೆಯ) 174ನೇ ಕಲಂ 2024ರ ಜುಲೈನಿಂದ ಹೊಸ ಸಂಹಿತೆಯಲ್ಲಿ 194 ಆಗಿದೆ. ನಂಬರ್ ಬದಲಾಯಿತು. ಗುರುತು ಸಿಗದ ಹೆಂಗಸಿನ ಹೆಣದ ಮುಂದೆ ನಿಂತ ಪೇದೆಗೆ ಎಷ್ಟು ಕುತೂಹಲ ಇದೆ, ಎಷ್ಟು ಹೊತ್ತಿದೆ ಎನ್ನುವುದರ ಮೇಲೆಯೇ ಇವತ್ತಿಗೂ ಎಲ್ಲ ನಿಂತಿದೆ.

ಶಿವಮೊಗ್ಗ ಜಿಲ್ಲೆಯವರಿಗೆ ವಾಪಸ್ ಬರುವ ಕೊಲೆಗಾರ ಅಂದರೆ ಮೊದಲು ನೆನಪಾಗಬೇಕಾದ್ದು ಮನುಷ್ಯ ಅಲ್ಲ, ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲ ಸಲ ಪತ್ತೆಯಾಯಿತು. ಆ ಕಾಡಿನ ಹೆಸರೇ ಕಾಯಿಲೆಯ ಹೆಸರಾಗಿ ಇವತ್ತು ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿದೆ. ಚಳಿಗಾಲ ಬಂತೆಂದರೆ ಉಣುಗಿನ ಜೊತೆ ಬರುತ್ತದೆ, ಮಳೆ ಬಿದ್ದ ಮೇಲೆ ಕಾಣೆ. ಕೆಲವು ವರ್ಷ ಸುಮ್ಮನಿರುತ್ತದೆ, ಹೋಯಿತು ಅಂದುಕೊಳ್ಳುತ್ತೇವೆ. 2019ರ ಶುರುವಿನಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಜನ ಸಾಯತೊಡಗಿದಾಗ ಕಾಡಿಗೆ ದರಕು ತರಲು ಹೋಗುವವರೇ ಇರಲಿಲ್ಲ, ಅಷ್ಟು ಹೆದರಿಕೆ. ಆಗ ಜನ ಕಾಡಿನಲ್ಲಿ ಮಂಗ ಸತ್ತದ್ದು ಕಂಡರೆ ಒಬ್ಬರಿಗೊಬ್ಬರು ಹೇಳುತ್ತಿದ್ದರು, ಆಸ್ಪತ್ರೆಗೂ ತಿಳಿಸುತ್ತಿದ್ದರು. ದೇವರಿಗೆ ಹರಕೆಯನ್ನೂ ಹೊತ್ತರು, ಉಣುಗು ಕಚ್ಚದಿರಲಿ ಅಂತ ಕೈಕಾಲಿಗೆ ಡಿಎಂಪಿ ಎಣ್ಣೆಯನ್ನೂ ಹಚ್ಚಿಕೊಂಡರು. ಒಂದು ಇನ್ನೊಂದಕ್ಕೆ ಅಡ್ಡ ಬರಲಿಲ್ಲ.

ಭಯಭಕ್ತಿ ಎಲ್ಲ ಕಡೆ ಹೀಗೆ ಒಳ್ಳೆಯದನ್ನೇ ಮಾಡುತ್ತದೆ ಅಂತ ನಾನು ಹೇಳುತ್ತಿಲ್ಲ. ನಿಧಿ ಆಸೆಗೆ ಹಳೇ ಗುಡಿ ಅಗೆಯುವವರು, ಮಾಟ ಮಾಡಿಸಿದ್ದಾಳೆ ಅಂತ ಒಂಟಿ ಹೆಂಗಸಿನ ಮೇಲೆ ಗೂಬೆ ಕೂರಿಸುವವರು ನಮ್ಮ ನಡುವೆಯೂ ಇದ್ದಾರೆ. ಇಂಥದ್ದಕ್ಕೆಲ್ಲ ಅಂತಲೇ ರಾಜ್ಯದಲ್ಲಿ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆಯುವ 2017ರ ಕಾಯ್ದೆ ಬಂತು, 2020ರ ಜನವರಿಯಿಂದ ಜಾರಿಯಾಯಿತು. ಗಮನಿಸಿ ನೋಡಿದರೆ ಅಲ್ಲೆಲ್ಲ ಒಂದು ಮಾತು ಸಾಮಾನ್ಯ, ಇದನ್ನು ಯಾರಿಗೂ ಹೇಳಬೇಡ. ಕೆಂಪಮ್ಮ ಆ ಹೆಂಗಸರನ್ನು ಒಬ್ಬೊಬ್ಬರನ್ನೇ ಕರೆಸುತ್ತಿದ್ದಳು. ಮೋಹನನ ಜೊತೆ ಹೋದವರೂ ಮನೆಯಲ್ಲಿ ಹೇಳದೆ ಹೊರಟವರು. ರೀಪರ್ ಕಾಗದವೂ ಒಬ್ಬನ ಕೈಗೇ ಬಂದಿತ್ತು.

ಅದಕ್ಕೇ ಆಮ್ನಿವೋರ್ ನನಗೆ ಒಳ್ಳೆಯ ಕಂತು, ಆದರೆ ಪೂರ್ತಿ ಒಳ್ಳೆಯದಲ್ಲ. ಭಯ ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ಅದು ಚೆನ್ನಾಗಿ ಹಿಡಿದಿದೆ. ಹಾಚ್ನರ್ ಫೋನ್ ಇಟ್ಟ ಮೇಲೆ ಬಸ್ಸಿನ ದೃಶ್ಯ ಬರುತ್ತದೆ. ಅಲ್ಲಿ ಸರಿಯಾದ ಉತ್ತರ ಕೊಟ್ಟವನಿಗೂ ಕೈಗೆ ರಕ್ತ ಅಂಟುತ್ತದೆ. ಇದನ್ನು ತೋರಿಸುವ ಧೈರ್ಯ ಎಲ್ಲ ಸೀರಿಯಲ್ಲಿಗೂ ಇರುವುದಿಲ್ಲ. ಸೋಲುವುದು ಒಂದೇ ಕಡೆ. ಎರಡು ಸಲವೂ ಫೋನು, ಕಾಗದ ಬರುವುದು ಒಬ್ಬ ಗಂಡಸಿಗೆ, ಅವನೊಬ್ಬನೇ ಊರಿನ ಪರವಾಗಿ ತೀರ್ಮಾನ ಮಾಡುತ್ತಾನೆ. ಊರು ಎನ್ನುವುದು ಆ ಕಂತಿನಲ್ಲಿ ಇಲ್ಲವೇ ಇಲ್ಲ. ಹೆದರುವುದಕ್ಕೆ, ಸಾಯುವುದಕ್ಕೆ ಮಾತ್ರ ಜನ ಬೇಕು. ನಮ್ಮ ಟೀವಿಗಳ ಕ್ರೈಂ ಕಾರ್ಯಕ್ರಮಗಳೂ ಇದನ್ನೇ ಕಲಿತಿವೆ. ಕೆಂಪು ಬೆಳಕು, ನಡುಗುವ ದನಿ, ನಿಮ್ಮ ಪಕ್ಕದ ಮನೆಯಲ್ಲೇ ಇರಬಹುದು ಎಚ್ಚರ ಅನ್ನುವ ಮಾತು. ಪಕ್ಕದ ಮನೆಯವರ ಜೊತೆ ಮಾತಾಡಿ ಅಂತ ಒಬ್ಬ ಆ್ಯಂಕರೂ ಹೇಳಿದ್ದು ನಾನು ಕೇಳಿಲ್ಲ.

ಅವತ್ತು ರಾತ್ರಿ ಕಂತು ಮುಗಿಯುವಷ್ಟರಲ್ಲಿ ಮಳೆ ಮತ್ತೆ ಜೋರಾಯಿತು. ಕೊನೆಯಲ್ಲಿ ರೀಪರ್ ಸಿಕ್ಕಿಬೀಳುತ್ತಾನೆ, ಸಿಕ್ಕವನು ತಪ್ಪಿಸಿಕೊಂಡೂ ಹೋಗುತ್ತಾನೆ. ಮುಂದಿನ ಸೀಸನ್ನಿನಲ್ಲಿ ಮತ್ತೆ ಬರಲು ಅನುಕೂಲವಾಗಲಿ ಅಂತ. ಈ ಸೀರಿಯಲ್ಲೇ ಹಾಗೆ ಬಿಡಿ, 2020ರಲ್ಲಿ 15 ಸೀಸನ್ ಆಗಿ ನಿಂತಿದ್ದು 2022ರಲ್ಲಿ ವಾಪಸ್ ಬಂತು. ತಪ್ಪಿಸಿಕೊಂಡ ಅಂತ ನಾನು ಹೇಳಿದ್ದಕ್ಕೆ ದೊಡ್ಡಮ್ಮನಿಗೆ ಸಿಟ್ಟೇ ಬಂತು. ಇಷ್ಟು ಹೊತ್ತು ಕೂತಿದ್ದು ದಂಡ ಅಂದರು. ಎದ್ದು ಕೊಟ್ಟಿಗೆ ಕಡೆ ಬ್ಯಾಟರಿ ಬಿಟ್ಟು ನೋಡಿದರು, ಕೆಳಗಿನ ಮನೆ ಕಡೆ ಒಂದು ಸಲ ಬಿಟ್ಟರು, ಅಲ್ಲಿಂದಲೂ ಒಂದು ಸಲ ಬೆಳಕು ಬಂತು. ಒಳಗೆ ಬಂದು ಅಗುಳಿ ಹಾಕುತ್ತಾ ಕೇಳಿದರು.

"ಹಂಗಾರೆ ಅವನು ಮತ್ತೆ ಬರ್ತಾನೆ ಅಂತಾಯ್ತು."

"ಹೌದು ದೊಡ್ಡಮ್ಮ."

"ಸರಿ, ನಾಳೆ ಹಾಕು."